ಟ್ಯೂಬ್ ಡ್ಯಾಕ್ ಪರೀಕ್ಷೆ: ಕೇಳಿಸಿದ್ದರಲ್ಲಿ ಟ್ಯೂಬಿನ ಪಾಲೆಷ್ಟು

ಹಾಡು ಹಾಕುವ ಮೊದಲು ಮುಚ್ಚಳ ಬಿಚ್ಚಿ ನೋಡಬೇಕು. ಡ್ಯಾಕ್ ಅಂದರೆ ಡಿಜಿಟಲ್ ಹಾಡನ್ನು ಆಂಪಿಗೆ ಹೋಗುವ ಅನಲಾಗ್ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ, ಅದರಲ್ಲಿ ಗಾಜಿನ ನಿರ್ವಾತ ಟ್ಯೂಬೂ ಇದ್ದರೆ ಟ್ಯೂಬ್ ಡ್ಯಾಕ್. ಈ ಹೆಸರಿನಲ್ಲಿ ಬರುವ ಪೆಟ್ಟಿಗೆಗಳಲ್ಲಿ ಟ್ಯೂಬ್ ಮಾಡುವ ಕೆಲಸ ಒಂದೇ ಬಗೆಯದಲ್ಲ. ಡಿಜಿಟಲ್ ಅಂಕಿಗಳನ್ನು ಕರೆಂಟ್ ಅಥವಾ ವೋಲ್ಟೇಜ್ ಆಗಿ ಬದಲಿಸುವುದು ಸಾಮಾನ್ಯವಾಗಿ ಚಿಪ್ಪಿನ ಕೆಲಸ, ಟ್ಯೂಬ್ ಬರುವುದು ಅದರ ನಂತರ. ಕೆಲವದರಲ್ಲಿ ಅದು ಸಿಗ್ನಲ್ಲನ್ನು ನಿಜವಾಗಿ ದೊಡ್ಡದು ಮಾಡುತ್ತದೆ. ಕೆಲವದರಲ್ಲಿ ಬರೀ ಬಫರ್, ಅಂದರೆ ಸಿಗ್ನಲ್ಲನ್ನು ದೊಡ್ಡದು ಮಾಡದೆ ಮುಂದಕ್ಕೆ ದಾಟಿಸುವ ಹಂತ. ಅಗ್ಗದ ಕೆಲವು ಮಾದರಿಗಳಲ್ಲಿ ಟ್ಯೂಬನ್ನು ಕಾಯಿಸುವ ಹೀಟರ್ ಉರಿಯುತ್ತದೆ, ಸಾಕೆಟ್ಟಿನ ಕೆಳಗಿನ ಕಿತ್ತಳೆ ಎಲ್‌ಇಡಿ ಅದಕ್ಕೆ ಇನ್ನಷ್ಟು ಕಳೆ ಕೊಡುತ್ತದೆ, ಸಿಗ್ನಲ್ ಮಾತ್ರ ಆಪ್‌ಆಂಪ್ ಎಂಬ ವರ್ಧಕ ಚಿಪ್ಪಿನಿಂದ ನೇರವಾಗಿ ಹೊರಗೆ ಹೋಗುತ್ತದೆ. ಯಾವ ಬಗೆಯದು ಎಂದು ತಿಳಿಯದೆ ‘ಟ್ಯೂಬ್ ಧ್ವನಿ’ಯ ಬಗ್ಗೆ ಬರೆದ ಅಭಿಪ್ರಾಯಕ್ಕೆ ಬೆಲೆಯಿಲ್ಲ.

ನಾನು ಪರೀಕ್ಷಿಸಿದ ಡ್ಯಾಕ್‌ನ ಒಳಗೆ ಕಂಡದ್ದು ಇಷ್ಟು: ಯುಎಸ್‌ಬಿ, ಕೋಆಕ್ಸಿಯಲ್, ಆಪ್ಟಿಕಲ್ ಇನ್‌ಪುಟ್‌ಗಳು; ಕರೆಂಟ್ ಔಟ್‌ಪುಟ್ ಕೊಡುವ ಪಿಸಿಎಂ1794ಎ ಚಿಪ್; ಆ ಕರೆಂಟನ್ನು ವೋಲ್ಟೇಜ್ ಮಾಡುವ ಆಪ್‌ಆಂಪ್‌ಗಳು; ಅದರ ಮುಂದೆ ಚಾನೆಲ್ಲಿಗೊಂದರಂತೆ ಎರಡು ಇಸಿಸಿ88 ಟ್ಯೂಬ್. ಇಸಿಸಿ88 ಒಂದೇ ಗಾಜಿನೊಳಗೆ ಎರಡು ಟ್ರಯೋಡ್ (ಕ್ಯಾಥೋಡ್, ಗ್ರಿಡ್, ಪ್ಲೇಟ್ ಎಂಬ ಮೂರು ಭಾಗಗಳ ವರ್ಧಕ) ಇರುವ ಟ್ಯೂಬ್. 6ಡಿಜೆ8 ಅಂದರೂ ಅದೇ. ಇಲ್ಲಿ ಮೊದಲ ಟ್ರಯೋಡ್ ಸಿಗ್ನಲ್ ದೊಡ್ಡದು ಮಾಡುವ ಗೇನ್ ಹಂತ, ಎರಡನೆಯದು ಕ್ಯಾಥೋಡ್ ಫಾಲೋವರ್ ಎಂಬ ಬಫರ್. ಕೊನೆಯಲ್ಲಿ 330 ಓಮ್ ರೆಸಿಸ್ಟರ್, ಡಿಸಿಯನ್ನು ತಡೆದು ಸಿಗ್ನಲ್ಲನ್ನು ಮಾತ್ರ ಬಿಡುವ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ (ಕಪ್ಲಿಂಗ್ ಕೆಪಾಸಿಟರ್), ಔಟ್‌ಪುಟ್ಟನ್ನು ಮೌನವಾಗಿಡುವ ಮ್ಯೂಟ್ ರಿಲೇ. ಈ ಕೊನೆಯ ಮೂರು ಬಿಡಿಭಾಗಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಟ್ಯೂಬಿಗಿಂತ ಹೆಚ್ಚು ಮಾತು ಇವುಗಳ ಬಗ್ಗೆಯೇ ಬರುತ್ತದೆ.

ಟ್ಯೂಬ್ ಸಿಗ್ನಲ್ ದಾರಿಯಲ್ಲಿದೆಯೇ ಎಂದು ತಿಳಿಯಲು ಸರಳ ದಾರಿಯಿದೆ. ಡ್ಯಾಕ್ ಆಫ್ ಮಾಡಿ, ತಣ್ಣಗಾದ ಮೇಲೆ ಒಂದು ಚಾನೆಲ್ಲಿನ ಟ್ಯೂಬ್ ತೆಗೆದು, ವಾಲ್ಯೂಮ್ ತೀರಾ ಕಡಿಮೆ ಇಟ್ಟು ಆನ್ ಮಾಡುವುದು. ಆ ಕಡೆಯ ಹಾಡು ಎಂದಿನಂತೆಯೇ ಬಂದರೆ ಟ್ಯೂಬ್ ಅಲಂಕಾರಕ್ಕೆ ಮಾತ್ರ ಇದೆ. ಇಲ್ಲಿ ಆ ಚಾನೆಲ್ ಪೂರ್ತಿ ಸುಮ್ಮನಾಯಿತು. ಎರಡು ಎಚ್ಚರಿಕೆ: ಹೀಟರ್‌ಗಳು ಸರಣಿಯಲ್ಲಿದ್ದರೆ ಒಂದನ್ನು ತೆಗೆದಾಗ ಎರಡೂ ಆರುತ್ತವೆ, ಅದರಿಂದ ತಪ್ಪು ತೀರ್ಮಾನಕ್ಕೆ ಬರಬಾರದು. ಮತ್ತೆ, ಹೊರೆ ಕಡಿಮೆಯಾದಾಗ ಬಿ ಪ್ಲಸ್, ಅಂದರೆ ಟ್ಯೂಬಿಗೆ ಕೊಡುವ ಹೆಚ್ಚಿನ ಡಿಸಿ ವೋಲ್ಟೇಜ್, ಏರುವುದರಿಂದ ಉತ್ತರ ಸಿಕ್ಕ ಕೂಡಲೇ ಆಫ್ ಮಾಡಬೇಕು. ಒಂಬತ್ತು ಪಿನ್ನಿನ ಟ್ಯೂಬನ್ನು ಅಲ್ಲಾಡಿಸಿ ಕೀಳಬಾರದು. ಪಿನ್ನುಗಳ ಬುಡದಲ್ಲೇ ಗಾಜು ಸೀಳುತ್ತದೆ, ಗಾಳಿ ಒಳಗೆ ಹೋಗುತ್ತದೆ, ಗಾಜಿನ ತುದಿಯ ಒಳಗಿನ ಬೆಳ್ಳಿ ಬಣ್ಣದ ಲೇಪ, ಅಂದರೆ ಗೆಟರ್, ಹಾಲಿನಂತೆ ಬಿಳಿಯಾಗುತ್ತದೆ. ಗೆಟರ್ ಬಿಳಿಯಾದ ಟ್ಯೂಬನ್ನು ಎಸೆಯುವುದು ಬಿಟ್ಟು ಬೇರೆ ದಾರಿಯಿಲ್ಲ. ನೇರವಾಗಿ ಮೇಲಕ್ಕೆ, ಬಹಳವೆಂದರೆ ಕೂದಲೆಳೆಯಷ್ಟು ಓಲಾಡಿಸುತ್ತಾ ಎಳೆಯಬೇಕು.

ಇನ್ನು ವೋಲ್ಟೇಜ್ ಅಳತೆ. ಇದು ಜೀವಕ್ಕೆ ಅಪಾಯವಿರುವ ಭಾಗ. ಈ ಡ್ಯಾಕ್‌ನ ಬಿ ಪ್ಲಸ್ 180 ವೋಲ್ಟ್. 250ರವರೆಗೆ ಹೋಗುವ ವಿನ್ಯಾಸಗಳೂ ಇವೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಕೈ ಹಾಕುವ ಮೊದಲು 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ತಂತಿ ಕಟ್ಟಿ, ಕೆಪಾಸಿಟರ್‌ನ ಎರಡು ತುದಿಗೆ ಹಿಡಿಯಬೇಕು. 220 ಮೈಕ್ರೋಫ್ಯಾರಡ್ ಇದ್ದರೆ ಸಮಯ ಸ್ಥಿರಾಂಕ 2.2 ಸೆಕೆಂಡ್, ಹದಿನೈದು ಸೆಕೆಂಡ್ ಹಿಡಿದರೆ ಸಾಕು. ಆಮೇಲೆ ಮೀಟರಿನಲ್ಲಿ ಸೊನ್ನೆಯ ಹತ್ತಿರಕ್ಕೆ ಬಂದಿದೆಯೆಂದು ನೋಡಿಯೇ ಮುಂದಿನ ಕೆಲಸ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವ ಅಭ್ಯಾಸ ಬೇಡ. ಕೆಪಾಸಿಟರ್ ಹಾಳಾಗುತ್ತದೆ, ಕಿಡಿ ಕಣ್ಣಿಗೆ ಹಾರುತ್ತದೆ. ಚಾಲನೆಯಲ್ಲಿರುವಾಗ ಅಳೆಯುವುದಾದರೆ ಕಪ್ಪು ತಂತಿಯನ್ನು ಕ್ಲಿಪ್ಪಿನಿಂದ ಗ್ರೌಂಡಿಗೆ ಕಚ್ಚಿಸಿ, ಕೆಂಪು ಪ್ರೋಬನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಕೈ ಬೆನ್ನ ಹಿಂದೆ. ಈ ಬಗೆಯ ಕೆಲಸ ಮಾಡಿ ಅಭ್ಯಾಸವಿಲ್ಲದವರು ಈ ಹಂತವನ್ನು ಬಿಟ್ಟುಬಿಡಲಿ, ಮುಂದಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಮುಚ್ಚಳ ಹಾಕಿಯೇ ಆಗುತ್ತವೆ.

ಸಾಕೆಟ್ಟನ್ನು ಕೆಳಗಿನಿಂದ ನೋಡಿದಾಗ, ಪಿನ್ನುಗಳ ನಡುವಿನ ದೊಡ್ಡ ಸಂದಿನಿಂದ ಶುರುಮಾಡಿ ಗಡಿಯಾರದ ದಿಕ್ಕಿನಲ್ಲಿ ಎಣಿಸಬೇಕು. ಇಸಿಸಿ88ರಲ್ಲಿ 1 ಮತ್ತು 6 ಪ್ಲೇಟ್, 2 ಮತ್ತು 7 ಗ್ರಿಡ್, 3 ಮತ್ತು 8 ಕ್ಯಾಥೋಡ್, 4 ಮತ್ತು 5 ಹೀಟರ್, 9 ಒಳಗಿನ ಶೀಲ್ಡ್. ಹೀಟರ್ ಪಿನ್ನುಗಳ ನಡುವೆ 6.21 ವೋಲ್ಟ್ ಸಿಕ್ಕಿತು. ಬೇಕಾದದ್ದು 6.3, ಐದು ಶೇಕಡಾ ಆಚೀಚೆ, ಅಂದರೆ ಸುಮಾರು 6.0ರಿಂದ 6.6ರವರೆಗೆ ಸರಿ. ತೀರಾ ಕಡಿಮೆಯಾದರೆ ಕ್ಯಾಥೋಡ್ ಸಾಕಷ್ಟು ಕಾಯದೆ ಡಿಸ್ಟಾರ್ಷನ್ (ಸಿಗ್ನಲ್ಲಿನ ವಿರೂಪ) ಏರುತ್ತದೆ, ಹೆಚ್ಚಾದರೆ ಟ್ಯೂಬಿನ ಆಯುಸ್ಸು ತಗ್ಗುತ್ತದೆ. ಗೇನ್ ಹಂತದ ಪ್ಲೇಟಿನಲ್ಲಿ 88 ವೋಲ್ಟ್. ಪ್ಲೇಟ್ ರೆಸಿಸ್ಟರ್ 10 ಕಿಲೋಓಮ್, ಅದರ ಮೇಲೆ ಉಳಿದ 92 ವೋಲ್ಟ್, ಅಂದರೆ 9.2 ಮಿಲಿಆಂಪಿಯರ್ ಹರಿಯುತ್ತಿದೆ. ಪ್ಲೇಟಿನಲ್ಲಿ ಖರ್ಚಾಗುವ ಶಕ್ತಿ 0.8 ವ್ಯಾಟ್, ಇಸಿಸಿ88ರ ಮಿತಿ ಟ್ರಯೋಡಿಗೆ 1.8 ವ್ಯಾಟ್. ಫಾಲೋವರ್ ಪ್ಲೇಟ್ 180 ವೋಲ್ಟಿನಲ್ಲಿದ್ದದ್ದು ಕಂಡು ಗಾಬರಿಯಾಗಬೇಕಿಲ್ಲ. ಇಸಿಸಿ88ಕ್ಕೆ ಹೇಳುವ 130 ವೋಲ್ಟಿನ ಮಿತಿ ಪ್ಲೇಟ್ ಮತ್ತು ಕ್ಯಾಥೋಡಿನ ನಡುವಿನದು. ಫಾಲೋವರ್ ಕ್ಯಾಥೋಡ್ 90 ವೋಲ್ಟಿನಷ್ಟು ಮೇಲೆಯೇ ಕೂತಿರುವುದರಿಂದ ಇಲ್ಲಿ ಟ್ಯೂಬ್ ಕಾಣುವುದು 90 ಮಾತ್ರ. ಈ ಅಂಕಿಗಳು ಟ್ಯೂಬನ್ನು ನೆಟ್ಟಗೆ ದುಡಿಸಿರುವುದನ್ನು ತೋರಿಸುತ್ತವೆ. ಪ್ಲೇಟಿನಲ್ಲಿ 12ರಿಂದ 24 ವೋಲ್ಟ್ ಮಾತ್ರ ಕಂಡಿದ್ದರೆ, ಹಸಿವಿನಲ್ಲಿಟ್ಟ ಟ್ಯೂಬಿನಿಂದ ಬರುವ ಡಿಸ್ಟಾರ್ಷನ್ನನ್ನೇ ಗುಣವೆಂದು ಮಾರುತ್ತಿದ್ದಾರೆ ಎಂದು ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಮುಚ್ಚಳ ಹಾಕಿ, ಔಟ್‌ಪುಟ್ಟಿಗೆ ಆಂಪ್ ಜೋಡಿಸದೆ ಬರೀ ಮೀಟರ್ ಜೋಡಿಸಿ ಡಿಸಿ ಅಳತೆಯಲ್ಲಿ ಆನ್-ಆಫ್ ಮಾಡಿ ನೋಡಬೇಕು. ಟ್ಯೂಬ್ ಕಾಯುವಾಗ ಕ್ಯಾಥೋಡ್ ಸೊನ್ನೆಯಿಂದ 90 ವೋಲ್ಟಿಗೆ ಏರುತ್ತದೆ, ಕಪ್ಲಿಂಗ್ ಕೆಪಾಸಿಟರ್ ಚಾರ್ಜ್ ಆಗುವಷ್ಟು ಹೊತ್ತು ಆ ನೆಗೆತ ಔಟ್‌ಪುಟ್ಟಿನಲ್ಲೂ ಕಾಣುತ್ತದೆ. ಅದಕ್ಕಾಗಿಯೇ ಮ್ಯೂಟ್ ರಿಲೇ ಇರುವುದು. ಈ ಡ್ಯಾಕ್‌ನಲ್ಲಿ ಆನ್ ಮಾಡಿ ಮುಕ್ಕಾಲು ನಿಮಿಷದ ನಂತರ ರಿಲೇ ಟಿಕ್ ಎಂದಿತು, ಔಟ್‌ಪುಟ್ ಕೆಲವೇ ಮಿಲಿವೋಲ್ಟಿಗಿಂತ ಮೇಲೆ ಹೋಗಲಿಲ್ಲ. ಆಫ್ ಮಾಡಿದಾಗ ಮಾತ್ರ ಕತೆ ಬೇರೆ. ರಿಲೇಗೆ ಕರೆಂಟ್ ಕೊಡುವ ಕೆಪಾಸಿಟರ್ ನಿಧಾನವಾಗಿ ಖಾಲಿಯಾಗುತ್ತಿದ್ದುದರಿಂದ ರಿಲೇ ತಡವಾಗಿ ಬಿಡುತ್ತಿತ್ತು. ಅಷ್ಟರಲ್ಲಿ ಬಿ ಪ್ಲಸ್ ಇಳಿಯತೊಡಗಿ ಔಟ್‌ಪುಟ್ಟಿನಲ್ಲಿ ಕೆಲವು ವೋಲ್ಟಿನ ಋಣ ನೆಗೆತ ಬರುತ್ತಿತ್ತು. ಪವರ್ ಆಂಪ್ ಆನ್ ಇದ್ದಾಗ ಹೀಗಾದರೆ ವೂಫರ್ ‘ಧಡ್’ ಎಂದು ಒಳಕ್ಕೆ ಹೋಗುತ್ತದೆ. ಆನ್ ಮಾಡುವಾಗ ಮೊದಲು ಡ್ಯಾಕ್ ಆಮೇಲೆ ಆಂಪ್, ಆಫ್ ಮಾಡುವಾಗ ಮೊದಲು ಆಂಪ್ ಆಮೇಲೆ ಡ್ಯಾಕ್: ಈ ಕ್ರಮ ತಪ್ಪದಿದ್ದರೆ ತೊಂದರೆಯಿಲ್ಲ. ಆದರೆ ಕರೆಂಟ್ ಹೋದಾಗ ಕ್ರಮ ನಮ್ಮ ಕೈಯಲ್ಲಿರುವುದಿಲ್ಲ. ಟ್ಯೂಬ್ ಡ್ಯಾಕ್ ಕೊಳ್ಳುವವರು ಆನ್ ಮಾಡುವುದನ್ನು ಮಾತ್ರ ನೋಡದೆ ಆಫ್ ಮಾಡಿಯೂ ನೋಡಬೇಕು ಎನ್ನುವುದು ಈ ಕಾರಣಕ್ಕೆ.

ಈಗ ಮಟ್ಟದ ವಿಷಯ, ಎಲ್ಲಕ್ಕಿಂತ ಮುಖ್ಯವಾದದ್ದು. ಸಿಡಿ ಪ್ಲೇಯರ್‌ಗಳ ಕಾಲದಿಂದ ಪೂರ್ಣ ಮಟ್ಟದ ಸಿಗ್ನಲ್ಲಿಗೆ 2 ವೋಲ್ಟ್ ಆರ್‌ಎಂಎಸ್ (ಎಸಿ ವೋಲ್ಟೇಜಿನ ಪರಿಣಾಮಕಾರಿ ಬೆಲೆ) ರೂಢಿ. ಟ್ಯೂಬ್ ಡ್ಯಾಕ್‌ಗಳಲ್ಲಿ ಬಹಳಷ್ಟು 2.5, ಕೆಲವು 3 ವೋಲ್ಟಿನವರೆಗೂ ಕೊಡುತ್ತವೆ. 2ರಿಂದ 2.5ಕ್ಕೆ ಹೋದರೆ 1.9 ಡೆಸಿಬೆಲ್ ಹೆಚ್ಚು, 3ಕ್ಕೆ ಹೋದರೆ 3.5. ಇಂಥ ಸಣ್ಣ ಏರಿಕೆಯನ್ನು ಕಿವಿ ಬಹಳ ಸಲ ‘ಜೋರು’ ಎಂದು ಗುರುತಿಸುವುದಿಲ್ಲ. ‘ತುಂಬಿದ ದನಿ’, ‘ಹತ್ತಿರ ಬಂದ ಗಾಯಕಿ’, ‘ಗಟ್ಟಿ ಬಾಸ್’ ಎಂದು ಗುರುತಿಸುತ್ತದೆ. ಟ್ಯೂಬ್ ಡ್ಯಾಕ್ ಬಗ್ಗೆ ಓದುವ ಹೊಗಳಿಕೆಯಲ್ಲಿ ಈ ಪದಗಳೇ ಹೆಚ್ಚು ಎಂಬುದನ್ನು ಗಮನಿಸಿ.

ಅಳತೆಗೆ 1 ಕಿಲೋಹರ್ಟ್ಸ್ ಸೈನ್ ಅಲೆ, ಪೂರ್ಣ ಮಟ್ಟದಲ್ಲಿ. ಸಾಧಾರಣ ಮಲ್ಟಿಮೀಟರುಗಳ ಎಸಿ ನಿಖರತೆ 400 ಹರ್ಟ್ಸ್ ಆಚೆ ಜಾರುತ್ತದೆ. ಅಂಥ ಮೀಟರಿದ್ದರೆ 200 ಅಥವಾ 300 ಹರ್ಟ್ಸ್ ಬಳಸಿದರಾಯಿತು. ಎರಡು ಡ್ಯಾಕ್‌ಗೂ ಒಂದೇ ಮೀಟರ್, ಒಂದೇ ರೇಂಜ್ ಇರಬೇಕು. ಇಲ್ಲಿ ಟ್ಯೂಬ್ ಡ್ಯಾಕ್ 2.52 ವೋಲ್ಟ್, ಹೋಲಿಕೆಗೆ ಇಟ್ಟುಕೊಂಡ ಆಪ್‌ಆಂಪ್ ಔಟ್‌ಪುಟ್ಟಿನ ಡ್ಯಾಕ್ 2.02 ವೋಲ್ಟ್ ಕೊಟ್ಟವು. ವ್ಯತ್ಯಾಸ 1.92 ಡೆಸಿಬೆಲ್. ಗುರಿ 0.1 ಡೆಸಿಬೆಲ್ ಒಳಗೆ ತರುವುದು, ಅಂದರೆ ವೋಲ್ಟೇಜಿನಲ್ಲಿ ಶೇಕಡಾ 1.2ರ ಒಳಗೆ. ಕಂಪ್ಯೂಟರಿನಲ್ಲಿ ಡಿಜಿಟಲ್ ವಾಲ್ಯೂಮ್ ಇಳಿಸಿ ಸರಿಮಾಡಬಹುದು, 24 ಬಿಟ್ ದಾರಿಯಲ್ಲಿ 2 ಡೆಸಿಬೆಲ್ ಇಳಿಸಿದರೆ ನಷ್ಟವೇನಿಲ್ಲ. ಆದರೆ ಒಂದೇ ಡಿಜಿಟಲ್ ಸಿಗ್ನಲ್ಲನ್ನು ಎರಡು ಡ್ಯಾಕ್‌ಗೂ ಹಂಚಿ, ಕ್ಷಣದಲ್ಲಿ ಅತ್ತಿತ್ತ ಬದಲಿಸಿ ಕೇಳಬೇಕಾದರೆ ಜೋರಿರುವ ಡ್ಯಾಕ್‌ನ ಮುಂದೆ ವೋಲ್ಟೇಜ್ ತಗ್ಗಿಸುವ ಎರಡು ರೆಸಿಸ್ಟರಿನ ಡಿವೈಡರ್ ಬೇಕು.

ಲೆಕ್ಕ ಹೀಗೆ. ಆಂಪ್ ಇನ್‌ಪುಟ್ 47 ಕಿಲೋಓಮ್. ಅದಕ್ಕೆ ಸಮಾಂತರವಾಗಿ 33 ಕಿಲೋಓಮ್ ಹಾಕಿದರೆ 19.4 ಕಿಲೋಓಮ್. ಸರಣಿಯಲ್ಲಿ 4.7 ಕಿಲೋಓಮ್ ಇಟ್ಟರೆ ಕಾಗದದ ಮೇಲೆ 0.805 ಪಾಲು ಸಿಗುತ್ತದೆ, ಬೇಕಾದದ್ದೂ ಅಷ್ಟೇ. ಆದರೆ ಟ್ಯೂಬ್ ಡ್ಯಾಕ್‌ನ ಸ್ವಂತ ಔಟ್‌ಪುಟ್ ಇಂಪೀಡೆನ್ಸ್ (ಔಟ್‌ಪುಟ್ಟಿನ ಒಳಗಿನ ಪ್ರತಿರೋಧ) ಸುಮಾರು 450 ಓಮ್, ಅದೂ ಸರಣಿಯಲ್ಲೇ ಸೇರುತ್ತದೆ. ಸೇರಿಸಿ ಲೆಕ್ಕ ಹಾಕಿದರೆ ಔಟ್‌ಪುಟ್ 1.99 ವೋಲ್ಟಿಗೆ ಇಳಿಯುತ್ತದೆ. ಗುರಿಯ ಅಂಚಿನಿಂದ ಆಚೆ. ಸರಣಿಯದನ್ನು 4.3 ಕಿಲೋಓಮ್ ಮಾಡಿದಾಗ 2.02 ವೋಲ್ಟ್, ಎರಡೂ ಡ್ಯಾಕ್ ನಡುವೆ 0.05 ಡೆಸಿಬೆಲ್ಲಿಗಿಂತ ಕಡಿಮೆ ಅಂತರ. ರೆಸಿಸ್ಟರುಗಳು ಒಂದು ಶೇಕಡಾ ಮೆಟಲ್ ಫಿಲ್ಮ್ ಆಗಿರಲಿ, ಎರಡು ಚಾನೆಲ್ಲಿಗೆ ಮೀಟರಿನಲ್ಲಿ ನೋಡಿ ಜೋಡಿ ಮಾಡಿ. ಡಿವೈಡರ್ ಬದಲು 10 ಕಿಲೋಓಮ್ ಪೊಟೆನ್ಶಿಯೋಮೀಟರ್ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಡ್ಯಾಕ್‌ನ ಮೇಲಿನ ಹೊರೆಯೇ ಬದಲಾಗಿ, ಪರೀಕ್ಷಿಸುತ್ತಿರುವ ವಸ್ತುವೇ ಬೇರೆಯಾಗುತ್ತದೆ.

ಆ 450 ಓಮ್ ಎಲ್ಲಿಂದ ಬಂತು? ಅಳೆಯುವುದು ಸುಲಭ. ಹೊರೆಯಿಲ್ಲದೆ 2.52 ವೋಲ್ಟ್. ಔಟ್‌ಪುಟ್ಟಿಗೆ 10 ಕಿಲೋಓಮ್ ರೆಸಿಸ್ಟರ್ ಕಟ್ಟಿದಾಗ 2.41. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆದು, 10 ಸಾವಿರದಿಂದ ಗುಣಿಸಿದರೆ 456 ಓಮ್. ಸರಣಿಯ 330 ಓಮ್ ಕಳೆದರೆ ಉಳಿಯುವ 120ರಷ್ಟು ಕ್ಯಾಥೋಡ್ ಫಾಲೋವರ್‌ನದು. ಇಸಿಸಿ88ರಿಂದ ಇಷ್ಟನ್ನೇ ನಿರೀಕ್ಷಿಸಬೇಕು. ಫಾಲೋವರ್ ಇಲ್ಲದೆ ಗೇನ್ ಹಂತದ ಪ್ಲೇಟಿನಿಂದಲೇ ಔಟ್‌ಪುಟ್ ತೆಗೆದಿರುವ ಡ್ಯಾಕ್‌ಗಳಲ್ಲಿ ಇದು ಹಲವು ಕಿಲೋಓಮ್ ಆಗಬಹುದು, ಆಗ ಉದ್ದ ಕೇಬಲ್ ಹಾಕಿದರೂ ಮೇಲಿನ ಸ್ವರಗಳು ಕುಂದುತ್ತವೆ.

ಫಾಲೋವರ್ ಚೆನ್ನಾಗಿದ್ದರೂ ಬಾಸ್ ಕಡೆ ಬೇರೆಯೇ ತೊಂದರೆ ಕಾದಿರುತ್ತದೆ. ಕಪ್ಲಿಂಗ್ ಕೆಪಾಸಿಟರ್ ಮತ್ತು ಆಂಪಿನ ಇನ್‌ಪುಟ್ ಇಂಪೀಡೆನ್ಸ್ ಸೇರಿ ಕೆಳಗಿನ ಸ್ವರಗಳನ್ನು ತಗ್ಗಿಸುವ ಒಂದು ಹೈಪಾಸ್ ಫಿಲ್ಟರ್ ಆಗುತ್ತದೆ. 1 ಮೈಕ್ರೋಫ್ಯಾರಡ್, 47 ಕಿಲೋಓಮ್ ಇದ್ದರೆ ಕಡಿತದ ಬಿಂದು 3.4 ಹರ್ಟ್ಸ್, ಚಿಂತೆಯಿಲ್ಲ. ಅದೇ ಡ್ಯಾಕನ್ನು 10 ಕಿಲೋಓಮ್ ಇನ್‌ಪುಟ್ಟಿನ ಆಂಪಿಗೆ ಹಾಕಿದರೆ 15.9 ಹರ್ಟ್ಸ್. ಅಲ್ಲಿ 3 ಡೆಸಿಬೆಲ್ ನಷ್ಟ, 20 ಹರ್ಟ್ಸ್‌ನಲ್ಲಿ 2.1 ಡೆಸಿಬೆಲ್, ಜೊತೆಗೆ ಫೇಸ್ ತಿರುವು ಇನ್ನೂ ಮೇಲಿನ ಸ್ವರಗಳವರೆಗೆ ಹಬ್ಬುತ್ತದೆ. ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ 10 ಕಿಲೋಓಮ್ ಇನ್‌ಪುಟ್ ಬಹಳ ಸಾಮಾನ್ಯ. ‘ಟ್ಯೂಬ್ ಡ್ಯಾಕ್‌ನಲ್ಲಿ ಬಾಸ್ ಮೆತ್ತಗೆ’ ಎಂಬ ದೂರಿನ ಬೇರು ಹೆಚ್ಚಿನ ಸಲ ಇಲ್ಲೇ. ಅದೇ ಟ್ಯೂಬ್, ಅದೇ ಚಿಪ್. ಆಂಪ್ ಬದಲಾದಾಗ ಬಾಸ್ ಬದಲಾಗುತ್ತದೆ.

ಡಿಸ್ಟಾರ್ಷನ್ ಮತ್ತು ಗದ್ದಲ ಅಳೆಯಲು ಒಂದು ಒಳ್ಳೆಯ ಆಡಿಯೊ ಇಂಟರ್‌ಫೇಸ್ ಮತ್ತು ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಮೊದಲು ಇಂಟರ್‌ಫೇಸಿನ ಔಟ್‌ಪುಟ್ಟನ್ನು ಅದರ ಇನ್‌ಪುಟ್ಟಿಗೇ ಜೋಡಿಸಿ ಅಳೆಯಿರಿ. ಅದರ ಸ್ವಂತ ಡಿಸ್ಟಾರ್ಷನ್ −95 ಡೆಸಿಬೆಲ್ಲಿಗಿಂತ ಕೆಳಗಿದ್ದರೆ ಟ್ಯೂಬ್ ಡ್ಯಾಕ್ ಅಳೆಯಲು ಧಾರಾಳ. ಇನ್‌ಪುಟ್ ಗೇನನ್ನು ಡ್ಯಾಕ್‌ನ ಪೂರ್ಣ ಮಟ್ಟಕ್ಕೆ −6 ಡೆಸಿಬೆಲ್ ತೋರುವಂತೆ ಇಟ್ಟರೆ ಇಂಟರ್‌ಫೇಸ್ ತಾನೇ ಕ್ಲಿಪ್ ಆಗುವುದಿಲ್ಲ. ಇಂಟರ್‌ಫೇಸಿಗೆ ಡಿಜಿಟಲ್ ಔಟ್‌ಪುಟ್ ಇದ್ದರೆ ಡ್ಯಾಕ್‌ಗೆ ಅಲ್ಲಿಂದಲೇ ಸಿಗ್ನಲ್ ಕೊಡಿ, ಎರಡರ ಗಡಿಯಾರವೂ ಒಂದೇ ಆಗಿ ಎಫ್‌ಎಫ್‌ಟಿಯಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಎಂದು ತೋರಿಸುವ ಚಿತ್ರ) ಗೆರೆಗಳು ಚೂಪಾಗಿ ಬರುತ್ತವೆ. ಇನ್ನೊಂದು ಮಾತು: ಹಲವು ಇಂಟರ್‌ಫೇಸುಗಳ ಲೈನ್ ಇನ್‌ಪುಟ್ 10ರಿಂದ 20 ಕಿಲೋಓಮ್ ಮಾತ್ರ. ಬಾಸ್ ಕುಸಿತ ಕಂಡರೆ ಅದು ಅಳೆಯುವ ಸಾಧನವೇ ಹೇರಿದ ಹೊರೆ ಇರಬಹುದು. ಇಂಟರ್‌ಫೇಸ್ ಮೈಕಿಗೆ ಕೇಬಲ್ಲಿನ ಮೂಲಕ ಕಳಿಸುವ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್, ಆಫ್ ಇದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ.

ಇಪ್ಪತ್ತು ನಿಮಿಷ ಕಾಯಲು ಬಿಟ್ಟು ಅಳೆದಾಗ, ಪೂರ್ಣ ಮಟ್ಟದ 1 ಕಿಲೋಹರ್ಟ್ಸಿಗೆ ಎರಡನೇ ಹಾರ್ಮೋನಿಕ್ (ಮೂಲದ ಎರಡು ಪಟ್ಟು ಆವರ್ತನದಲ್ಲಿ ಹುಟ್ಟುವ ವಿರೂಪ) −62 ಡೆಸಿಬೆಲ್, ಅಂದರೆ ಸುಮಾರು ಶೇಕಡಾ 0.08. ಮೂರನೆಯದು −88. ಸಿಗ್ನಲ್ 10 ಡೆಸಿಬೆಲ್ ಇಳಿಸಿದಾಗ ಎರಡನೆಯದು −72ಕ್ಕೆ, 20 ಇಳಿಸಿದಾಗ −82ಕ್ಕೆ ಹೋಯಿತು. ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಪಾಲನ್ನು ಇನ್‌ಪುಟ್ಟಿಗೆ ಮರಳಿಸಿ ತಪ್ಪು ತಿದ್ದುವ ವಿಧಾನ) ಇಲ್ಲದ ಟ್ರಯೋಡಿನ ಗುರುತೇ ಇದು: ಸಿಗ್ನಲ್ ಹತ್ತು ಇಳಿದರೆ ಎರಡನೇ ಹಾರ್ಮೋನಿಕ್‌ನ ಅನುಪಾತವೂ ಹತ್ತು ಇಳಿಯುತ್ತದೆ. ಸಿಗ್ನಲ್ ಇಳಿದರೂ ಹಾರ್ಮೋನಿಕ್‌ಗಳ ಅನುಪಾತ ಇಳಿಯದಿದ್ದರೆ, ಅಥವಾ ಐದನೆಯದು ಏಳನೆಯದು ಎರಡನೆಯದರ ಹತ್ತಿರ ನಿಂತರೆ, ಅದು ಟ್ಯೂಬಿನ ಸಹಜ ಗುಣವಲ್ಲ. ಎಲ್ಲೋ ಬಯಾಸ್ (ಟ್ಯೂಬಿನ ಡಿಸಿ ಹೊಂದಿಕೆ) ತಪ್ಪಿದೆ ಅಥವಾ ಮುಂಚಿನ ಹಂತ ಸೋಲುತ್ತಿದೆ. 10 ಕಿಲೋಓಮ್ ಹೊರೆ ಹಾಕಿದಾಗಲೂ ಈ ಅಂಕಿ ಹೆಚ್ಚೇನೂ ಕದಲಲಿಲ್ಲ, ಫಾಲೋವರ್ ಇರುವುದರ ಫಲ ಅದು.

ಸಿಗ್ನಲ್ ನಿಲ್ಲಿಸಿ ಗದ್ದಲ ನೋಡುವಾಗ ಎಲ್ಲಿ ಗೆರೆ ಏಳುತ್ತದೆ ಎಂಬುದೇ ರೋಗದ ವಿಳಾಸ. ಮೇನ್ಸ್ 50 ಹರ್ಟ್ಸ್ ಇರುವಲ್ಲಿ 50ರ ಗೆರೆ ಹೀಟರ್ ಸೋರಿಕೆ ಅಥವಾ ಗ್ರೌಂಡ್ ಲೂಪಿನದು (ಸಾಧನಗಳ ಗ್ರೌಂಡ್ ತಂತಿಗಳು ಸೇರಿ ಆಗುವ ಸುತ್ತು), 100ರದು ರೆಕ್ಟಿಫೈಯರ್ ನಂತರದ ಫಿಲ್ಟರ್ ಸಾಲದ್ದರದು. ಮೇನ್ಸ್ 60 ಇದ್ದರೆ ಇವು 60, 120 ಆಗುತ್ತವೆ. ಇನ್‌ಪುಟ್ ಕೇಬಲ್ಲುಗಳನ್ನೆಲ್ಲ ಕಿತ್ತು ಆಪ್ಟಿಕಲ್ ಒಂದನ್ನೇ ಬಿಟ್ಟಾಗ 50ರ ಗೆರೆ ಬಿದ್ದರೆ ಅದು ಲೂಪ್. ಬೀಳದಿದ್ದರೆ ಎರಡು ಟ್ಯೂಬ್ ಅದಲುಬದಲು ಮಾಡಿ. ಗೆರೆ ಟ್ಯೂಬಿನ ಜೊತೆ ಚಾನೆಲ್ ಬದಲಿಸಿದರೆ ಆ ಟ್ಯೂಬಿನಲ್ಲಿ ಹೀಟರ್‌ನಿಂದ ಕ್ಯಾಥೋಡಿಗೆ ಸೋರಿಕೆ ಇದೆ. ಈ ಡ್ಯಾಕ್‌ನಲ್ಲಿ ಯುಎಸ್‌ಬಿ ಮೂಲಕ ಜೋಡಿಸಿದಾಗ 8 ಕಿಲೋಹರ್ಟ್ಸಿನಲ್ಲಿ ಒಂದು ಚೂಪು ಗೆರೆ ಇತ್ತು. ಹೈಸ್ಪೀಡ್ ಯುಎಸ್‌ಬಿ ಸೆಕೆಂಡಿಗೆ 8000 ಸಲ ಡೇಟಾ ಕಳಿಸುತ್ತದೆ, ಅದರ ಕರೆಂಟು ಗ್ರೌಂಡ್ ತಂತಿಯಲ್ಲಿ ಹರಿದು ಬರುತ್ತದೆ. ಹೆಡ್‌ಫೋನಿನಲ್ಲಿ ಹಾಡುಗಳ ನಡುವಿನ ಮೌನದಲ್ಲಿ ಸಣ್ಣ ಸಿಳ್ಳೆಯಂತೆ ಕೇಳುತ್ತಿತ್ತು. ಆಪ್ಟಿಕಲ್‌ಗೆ ಬದಲಿಸಿದೊಡನೆ ಮಾಯ. ಮುಂದಿನ ಕೇಳುವಿಕೆಯನ್ನೆಲ್ಲ ಹಾಗಾಗಿ ಆಪ್ಟಿಕಲ್‌ನಲ್ಲೇ ಮಾಡಿದೆ, 44.1 ಕಿಲೋಹರ್ಟ್ಸ್ ಕಡತಗಳಿಗೆ ಅದು ಸಾಕಾಗುತ್ತದೆ.

ಮೈಕ್ರೋಫೋನಿಕ್ಸ್, ಅಂದರೆ ಅಲುಗಾಟವನ್ನೇ ಸದ್ದಾಗಿಸುವ ಟ್ಯೂಬಿನ ಗುಣ, ನೋಡಲು ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಟ್ಯೂಬಿನ ತಲೆ ಮೆಲ್ಲಗೆ ತಟ್ಟಬೇಕು. ಎಲ್ಲ ಟ್ಯೂಬೂ ಸ್ವಲ್ಪ ‘ಟಂಗ್’ ಎನ್ನುತ್ತದೆ. ನಾದ ಕೂಡಲೇ ಅಡಗಿದರೆ ಸರಿ. ಗಂಟೆಯಂತೆ ಎಳೆದುಕೊಂಡು ಹೋದರೆ ಸ್ಪೀಕರಿರುವ ಕೋಣೆಯಲ್ಲಿ ಆ ಟ್ಯೂಬ್ ಬೇಡ. ಚರಚರ ಸದ್ದು ಬಂದರೆ ಟ್ಯೂಬನ್ನು ದೂಷಿಸುವ ಮೊದಲು ಪಿನ್ ಮತ್ತು ಸಾಕೆಟ್ ಒರೆಸಿ.

ಇಷ್ಟಾದ ಮೇಲೆ ಕೇಳುವುದು. ಕಂಪ್ಯೂಟರಿನಲ್ಲಿ ಸಿಸ್ಟಮ್ ಮಿಕ್ಸರ್ ದಾಟಿಸಿ, ವಿಂಡೋಸ್ ಆದರೆ ವಾಸಾಪಿ ಎಕ್ಸ್‌ಕ್ಲೂಸಿವ್, ಲಿನಕ್ಸ್ ಆದರೆ ಅಲ್ಸಾದ ನೇರ ಸಾಧನ ಆಯ್ದುಕೊಳ್ಳಬೇಕು. ಟ್ಯೂಬ್ ಗೇನ್ ಹಂತ ಒಂದೇ ಇದ್ದರೆ ಅದು ಪೊಲಾರಿಟಿ ತಿರುಗಿಸುತ್ತದೆ, ಅಂದರೆ ಅಲೆಯನ್ನು ತಲೆಕೆಳಗು ಮಾಡುತ್ತದೆ. ತಯಾರಕರು ಅದನ್ನು ಮೊದಲೇ ಸರಿಪಡಿಸಿದ್ದಾರೋ ಇಲ್ಲವೋ ಎಂದು ಒಂದೇ ಕಡೆಗೆ ಏಳುವ ಪಲ್ಸ್ ನುಡಿಸಿ, ರೆಕಾರ್ಡ್ ಮಾಡಿ ನೋಡಬೇಕು. ಓವರ್‌ಸ್ಯಾಂಪ್ಲಿಂಗ್ (ಅಂಕಿಗಳ ನಡುವೆ ಇನ್ನಷ್ಟು ಅಂಕಿ ಲೆಕ್ಕಹಾಕಿ ತುಂಬುವುದು) ಇಲ್ಲದ ಟ್ಯೂಬ್ ಡ್ಯಾಕ್‌ಗಳೂ ಇವೆ. ಅವುಗಳಲ್ಲಿ 44.1 ಕಿಲೋಹರ್ಟ್ಸ್ ಹಾಡಿಗೆ 10 ಕಿಲೋಹರ್ಟ್ಸಿನಲ್ಲಿ 0.75, 20ರಲ್ಲಿ 3.2 ಡೆಸಿಬೆಲ್ ಇಳಿಕೆ ಗಣಿತದಿಂದಲೇ ಬರುತ್ತದೆ. ಅದರ ಮೃದುತ್ವವನ್ನು ಟ್ಯೂಬಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಯಾವುದು ನುಡಿಯುತ್ತಿದೆ ಎಂದು ಗೊತ್ತಿಲ್ಲದೆ ಕೇಳಬೇಕು. ಇನ್ನೊಬ್ಬರು ನಾಣ್ಯ ಚಿಮ್ಮಿ ಸೆಲೆಕ್ಟರ್ ತಿರುಗಿಸುತ್ತಾರೆ, ಕೇಳುವವರು ಬರೆದಿಡುತ್ತಾರೆ, ಮುಗಿಯುವವರೆಗೆ ಉತ್ತರ ನೋಡುವಂತಿಲ್ಲ. ಹದಿನಾರು ಸರದಿಯಲ್ಲಿ ಹನ್ನೆರಡು ಸರಿಯಾದರೆ, ಊಹೆಯಿಂದಲೇ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಶೇಕಡಾ 3.8, ಹತ್ತರಲ್ಲಿ ಎಂಟಕ್ಕೆ ಅದು ಶೇಕಡಾ 5.5. ಹಾಗಾಗಿ ಹತ್ತರಲ್ಲಿ ಎಂಟು ಸರಿಯಾದರೆ ಊಹೆಯಲ್ಲವೆನ್ನಲು ಸಾಲದು. ಎರಡು ಡ್ಯಾಕ್‌ಗಳ ವಿಳಂಬದಲ್ಲಿ ವ್ಯತ್ಯಾಸವಿದ್ದರೆ ಬದಲಿಸುವ ಕ್ಷಣದಲ್ಲಿ ತಾಳ ಎಡವಿದಂತಾಗಿ ಗುಟ್ಟು ರಟ್ಟಾಗುತ್ತದೆ. ಪ್ರತಿ ಸಲ ವಾಲ್ಯೂಮ್ ಸೊನ್ನೆಗಿಳಿಸಿ ಬದಲಿಸಿದರೆ ಆ ಸುಳಿವು ಸಿಗುವುದಿಲ್ಲ. ತುಣುಕುಗಳು ಹತ್ತು ಹದಿನೈದು ಸೆಕೆಂಡಿನಷ್ಟು ಚಿಕ್ಕದಿರಲಿ, ಧ್ವನಿಯ ನೆನಪು ಬಹಳ ಹೊತ್ತು ನಿಲ್ಲುವುದಿಲ್ಲ.

ಮಟ್ಟ ಸರಿಮಾಡದೆ ಕೇಳಿದಾಗ ಟ್ಯೂಬ್ ಡ್ಯಾಕ್ ಸುಲಭವಾಗಿ ಗುರುತು ಸಿಗುತ್ತಿತ್ತು, ಇಷ್ಟವೂ ಆಗುತ್ತಿತ್ತು. 0.05 ಡೆಸಿಬೆಲ್ಲಿಗೆ ಸರಿಮಾಡಿ, 47 ಕಿಲೋಓಮ್ ಆಂಪಿನಲ್ಲಿ ಕೇಳಿದಾಗ ಹೆಚ್ಚಿನ ಸಂಗೀತದಲ್ಲಿ ಅಂಕ ಊಹೆಯ ಮಟ್ಟಕ್ಕೆ ಇಳಿಯಿತು. ಒಂಟಿ ಪಿಯಾನೊ ಜೋರಾಗಿ ನುಡಿಯುವ ಕಡೆ, ಅದೂ ಹೆಡ್‌ಫೋನಿನಲ್ಲಿ, ಊಹೆಗಿಂತ ಮೇಲೆ ಹೋಯಿತು. ಕೆಳಗಿನ ಸ್ವರಗಳಿಗೆ ಸ್ವಲ್ಪ ಮೈ ಬಂದಂತೆ ಇರುತ್ತಿತ್ತು. −62 ಡೆಸಿಬೆಲ್ಲಿನ ಎರಡನೇ ಹಾರ್ಮೋನಿಕ್ ಅಂದರೆ ಒಂದು ಸ್ಥಾಯಿ ಮೇಲಿನ ಅದೇ ಸ್ವರ, ಅದು ಕೇಳಿಸಿದ್ದರೆ ಹೀಗೆಯೇ ಕೇಳಿಸಬೇಕು. ವಾದ್ಯಗಳು ತುಂಬಿದ ಸಂಗೀತದಲ್ಲಿ ಅದು ಮುಳುಗಿಹೋಗುತ್ತದೆ. 10 ಕಿಲೋಓಮ್ ಆಂಪಿನಲ್ಲಿ ಆಳದ ಆರ್ಗನ್ ಸ್ವರವಿರುವ ಹಾಡು ಹಾಕಿದಾಗ ಮಾತ್ರ ಗುರುತಿಸುವುದು ಸಲೀಸು, ಆದರೆ ಅದು ಕೆಪಾಸಿಟರಿನ ಸದ್ದು. ನನಗೆ ಸಿಕ್ಕ ಉತ್ತರ ಇದೇ: ಈ ಡ್ಯಾಕ್‌ನಲ್ಲಿ ಟ್ಯೂಬಿನ ಪಾಲು ಇದೆ, ಅದು ಚೆಂದವೂ ಹೌದು, ಚಿಕ್ಕದೂ ಹೌದು.

ಟ್ಯೂಬ್ ಬದಲಿಸಿ ಕೇಳುವ ಆಸೆ ಎಲ್ಲರಿಗೂ ಬರುತ್ತದೆ. ಫೀಡ್‌ಬ್ಯಾಕ್ ಇಲ್ಲದ ಹಂತದಲ್ಲಿ ಗೇನ್ ಟ್ಯೂಬನ್ನೇ ನಂಬಿಕೊಂಡಿರುತ್ತದೆ. ಬೇರೆ ತಯಾರಿಕೆಯ ಇಸಿಸಿ88 ಜೋಡಿ ಹಾಕಿದಾಗ ಔಟ್‌ಪುಟ್ 0.4 ಡೆಸಿಬೆಲ್ ಬದಲಾಯಿತು. ಮತ್ತೆ ಮಟ್ಟ ಸರಿಮಾಡದೆ ಮಾಡಿದ ಹೋಲಿಕೆ ಕೆಲಸಕ್ಕೆ ಬರುವುದಿಲ್ಲ. ಹೀಟರ್ ಲೆಕ್ಕವನ್ನೂ ಮರೆಯಬಾರದು. ಇಸಿಸಿ88 ಒಂದಕ್ಕೆ 365 ಮಿಲಿಆಂಪಿಯರ್, ಎರಡಕ್ಕೆ 0.73 ಆಂಪಿಯರ್. ಅದರ ಜಾಗಕ್ಕೆ ಕೂರುವ ರಷ್ಯನ್ 6ಎನ್1ಪಿ ಒಂದಕ್ಕೇ 600 ಮಿಲಿಆಂಪಿಯರ್ ಎಳೆಯುತ್ತದೆ, ಎರಡಕ್ಕೆ 1.2 ಆಂಪಿಯರ್, ಹೀಟರ್ ರೆಗ್ಯುಲೇಟರ್ ಸುಟ್ಟುಹೋಗಬಹುದು. 12ಎಯು7 ಸಾಕೆಟ್ಟಿನಲ್ಲಿ ಕೂರುತ್ತದೆ, ಆದರೆ ಅದರ 4 ಮತ್ತು 5ನೇ ಪಿನ್ ನಡುವೆ 12.6 ವೋಲ್ಟ್ ಬೇಕು. ಇಲ್ಲಿ ಅರ್ಧ ಮಾತ್ರ ಸಿಕ್ಕಿ ಸರಿಯಾಗಿ ಕಾಯುವುದೇ ಇಲ್ಲ. ತಿರುಗಾಮುರುಗಾ, 12ಎಯು7ಗೆಂದು 12.6 ವೋಲ್ಟ್ ಕೊಟ್ಟಿರುವ ಸಾಕೆಟ್ಟಿಗೆ ಇಸಿಸಿ88 ಹಾಕಿದರೆ ಹೀಟರ್ ಉಳಿಯುವುದಿಲ್ಲ. ಪಿಸಿಸಿ88ರ ಹೀಟರ್ 7 ವೋಲ್ಟಿನದು, 6.3ರಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಹಾಕಿದ ಮೇಲೆ ಡಿಸ್ಟಾರ್ಷನ್ ಅಳೆದು ನೋಡಿ ಇಟ್ಟುಕೊಳ್ಳಿ.

10 ಕಿಲೋಓಮ್ ಆಂಪ್ ಇರುವವರು ಟ್ಯೂಬಿಗೆ ಹಣ ಹಾಕುವ ಮೊದಲು ಕಪ್ಲಿಂಗ್ ಕೆಪಾಸಿಟರನ್ನು 3.3 ಮೈಕ್ರೋಫ್ಯಾರಡ್ ಪಾಲಿಪ್ರೊಪಿಲೀನ್ ಆಗಿ ಬದಲಿಸಲಿ. ಕಡಿತದ ಬಿಂದು 4.8 ಹರ್ಟ್ಸಿಗೆ ಇಳಿದು, 20 ಹರ್ಟ್ಸಿನಲ್ಲಿ ನಷ್ಟ 0.25 ಡೆಸಿಬೆಲ್ ಮಾತ್ರ ಉಳಿಯುತ್ತದೆ. ಟ್ಯೂಬ್ ಶಾರ್ಟ್ ಆದರೆ ಪೂರ್ತಿ ಬಿ ಪ್ಲಸ್ ಇದರ ಮೇಲೆ ಬೀಳುವುದರಿಂದ ಕನಿಷ್ಠ 250 ವೋಲ್ಟಿನದು ಬೇಕು, 400 ಇದ್ದರೆ ನೆಮ್ಮದಿ. ಆದರೆ ಕೆಪಾಸಿಟರ್ ದೊಡ್ಡದಾದಷ್ಟೂ ಆಫ್ ಮಾಡುವಾಗಿನ ಧಡ್ ಬಲವಾಗುತ್ತದೆ. ಈ ಡ್ಯಾಕ್‌ನಲ್ಲಿ ರಿಲೇ ತಡವಾಗಿ ಬಿಡುವ ದೋಷ ಮೊದಲೇ ಇರುವುದರಿಂದ ಎರಡನ್ನೂ ಒಟ್ಟಿಗೆ ಸರಿಮಾಡಬೇಕು: ರಿಲೇ ಕಾಯಿಲ್‌ನ ಪೂರೈಕೆಯಲ್ಲಿರುವ ಕೆಪಾಸಿಟರನ್ನು ಚಿಕ್ಕದು ಮಾಡಿದರೆ ಬಿ ಪ್ಲಸ್ ಇಳಿಯುವ ಮೊದಲೇ ರಿಲೇ ಬಿಡುತ್ತದೆ.

ಅಳೆದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ: ಹೀಟರ್ 6.21, ಎಡ ಮತ್ತು ಬಲ ಪ್ಲೇಟ್ ವೋಲ್ಟೇಜ್, ಎರಡನೇ ಹಾರ್ಮೋನಿಕ್, ಔಟ್‌ಪುಟ್ ಮಟ್ಟ. ಟ್ಯೂಬ್ ಹಳತಾದಂತೆ ಅದರಲ್ಲಿ ಹರಿಯುವ ಕರೆಂಟ್ ಕುಗ್ಗಿ ಪ್ಲೇಟ್ ವೋಲ್ಟೇಜ್ ಮೇಲಕ್ಕೆ ಹೋಗುತ್ತದೆ. 88 ಇದ್ದದ್ದು 105ಕ್ಕೆ ಬಂದರೆ ಕರೆಂಟ್ 7.5 ಮಿಲಿಆಂಪಿಯರಿಗೆ ಇಳಿದಿದೆ ಎಂದು ಅರ್ಥ. ಆ ಹೊತ್ತಿಗೆ ಎರಡು ಚಾನೆಲ್ಲಿನ ಮಟ್ಟದಲ್ಲೂ ಅರ್ಧ ಡೆಸಿಬೆಲ್ಲಿಗಿಂತ ಹೆಚ್ಚು ಅಂತರ ಕಂಡರೆ ಜೋಡಿಯನ್ನೇ ಬದಲಿಸಬೇಕು.